ಕಲ್ಲಿಲ್ಲದ ಊರಿಗೆ ಬಂದ ಬೆಟ್ಟ

ಬಂಗಾಳದ ಜಾದವ್‌ಪುರದ ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನವೇ ನನಗೊಂದು ಕಲ್ಲು ಬೇಕಾಯಿತು. ಗೋಡೆಗೆ ಮೊಳೆ ಹೊಡೆಯಬೇಕಿತ್ತು. ಸುತ್ತಿಗೆ ಯಾವ ಪೆಟ್ಟಿಗೆಯಲ್ಲಿತ್ತೋ ಗೊತ್ತಿರಲಿಲ್ಲ. ಧಾರವಾಡದ ಕಡೆ ಹುಟ್ಟಿ ಬೆಳೆದ ನನಗೆ ಬಾಗಿಲು ತೆಗೆದು ಅಂಗಳಕ್ಕೆ ಕಾಲಿಟ್ಟರೆ ಕಲ್ಲು ಸಿಗುತ್ತದೆ ಎಂಬುದು ಗಾಳಿ ಸಿಗುತ್ತದೆ ಎಂಬಷ್ಟೇ ಸಹಜ. ಕೆಳಗಿಳಿದು ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಇಟ್ಟಿಗೆ ಚೂರು ಸಿಕ್ಕಿತು, ಒಡೆದ ಮಣ್ಣಿನ ಲೋಟಗಳು ಸಿಕ್ಕವು. ಕಲ್ಲು ಮಾತ್ರ ಇಲ್ಲ. ಇಟ್ಟಿಗೆಯನ್ನೇ ತಂದು ಮೊಳೆಗೆ ಹೊಡೆದರೆ ಅದು ಕೈಯಲ್ಲೇ ಪುಡಿಯಾಯಿತು.

ಪೆಟ್ಟಿಗೆಗಳ ನಡುವೆ ಕುಳಿತಿದ್ದ ನನ್ನ ಹೆಂಡತಿ ನಕ್ಕಳು.

"ಎಷ್ಟು ಹುಡುಕಿದ್ರೂ ಸಿಗಲ್ಲ ರೀ. ಈ ಊರಲ್ಲಿ ಕಲ್ಲಿಲ್ಲ."

"ಊರಂದ ಮ್ಯಾಲೆ ಕಲ್ಲ ಇರಂಗಿಲ್ಲೇನು? ಒಂದೆರಡಾಳು ಆಳ ಅಗದ್ರ ಸಿಗತೈತಿ."

"ಅಗೀರಿ. ಕಿಲೋಮೀಟರ್‌ಗಟ್ಟಲೆ ಅಗೆದರೂ ಮಣ್ಣೇ ಬರುತ್ತೆ. ಮಣ್ಣು, ಮರಳು, ಮತ್ತೆ ಮಣ್ಣು. ಎಲ್ಲಾ ಹಿಮಾಲಯದ್ದು."

ಅವಳು ಮೈಸೂರಿನವಳು. ಭೂವಿಜ್ಞಾನ ಓದಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಬಂದಿದ್ದಳು. ನಾನು ರೈಲ್ವೆಯ ಸಿಗ್ನಲ್ ವಿಭಾಗದವನು. ಹುಬ್ಬಳ್ಳಿಯಿಂದ ಸಿಯಾಲ್ದಾಕ್ಕೆ ವರ್ಗ ಮಾಡಿಸಿಕೊಂಡು ಅವಳ ಹಿಂದೆ ಬಂದಿದ್ದೆ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವಳ ವಿಷಯ ನನ್ನ ಕಿವಿಗೆ ಬಿದ್ದಿತ್ತೇ ಹೊರತು ಒಳಗೆ ಇಳಿದಿರಲಿಲ್ಲ. ಅಂದು ಸಂಜೆ ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯಲು ನಿಂತಾಗ ಮೊದಲ ಸಲ ಇಳಿಯಿತು. ಇಲ್ಲಿ ಚಹಾ ಕೊಡುವುದು ಸುಟ್ಟ ಮಣ್ಣಿನ ಪುಟ್ಟ ಲೋಟದಲ್ಲಿ. ಅವಳು ಖಾಲಿ ಲೋಟವನ್ನು ದೀಪದ ಕೆಳಗೆ ಹಿಡಿದು ಮೆಲ್ಲನೆ ಓರೆ ಮಾಡಿದಳು. ಮಣ್ಣಿನ ಮೈಯಲ್ಲಿ ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆಗಳು ಮಿನುಗಿದವು.

"ಕಾಗೆಬಂಗಾರ. ಇದು ಬೆಟ್ಟದ ಹೊಟ್ಟೆಯೊಳಗೆ, ಮೈಲಿಗಟ್ಟಲೆ ಆಳದಲ್ಲಿ, ಕೆಂಡದಂಥ ಬಿಸಿಯಲ್ಲಿ ಹುಟ್ಟಿದ್ದು. ಬೆಟ್ಟ ಮೇಲೆ ಬಂತು, ಮಳೆ ತೊಳೀತು, ಗಂಗೆ ಹೊತ್ಕೊಂಡು ಬಂದ್ಲು. ನಾವೀಗ ಅದರಲ್ಲಿ ಟೀ ಕುಡಿದ್ವಿ."

ಎಲ್ಲರೂ ಮಾಡುವಂತೆ ನಾನೂ ಚಹಾ ಮುಗಿಸಿ ಲೋಟವನ್ನು ಚರಂಡಿ ಪಕ್ಕದ ಬುಟ್ಟಿಗೆ ಎಸೆಯುವುದರಲ್ಲಿದ್ದೆ. ಕೈ ತಡೆಯಿತು. ಬೆರಳಿನ ತುದಿಗೆ ಹತ್ತಿದ್ದ ಮಿಣುಕನ್ನು ಮನೆಯವರೆಗೂ ಒರೆಸಿಕೊಳ್ಳದೆ ಹೋದೆ.

ಆಮೇಲಿನ ವರ್ಷಗಳಲ್ಲಿ ಕಲ್ಲುಗಳು ನಮ್ಮ ಮನೆಗೇ ಬಂದವು. ಪ್ರತಿ ವರ್ಷ ಅವಳು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗುವಳು. ಹಿಂತಿರುಗುವಾಗ ಚೀಲದಲ್ಲಿ ಬಟ್ಟೆಗಿಂತ ಕಲ್ಲು ಹೆಚ್ಚು. ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ದಾಳಿಂಬೆ ಕಾಳಿನಂಥ ಕೆಂಪು ಹರಳು ಕಚ್ಚಿಕೊಂಡ ಕಲ್ಲು. ಮಗಳ ಓದುವ ಮೇಜಿನ ಮೇಲೆ ಪೇಪರು ಹಾರದಂತೆ ಇಟ್ಟ ಕಲ್ಲಿನಲ್ಲಿ ಸೀರೆಯ ನೆರಿಗೆಯಂಥ ಮಡಿಕೆ. ಕಲ್ಲು ಮಡಿಚುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, ನಿಧಾನವಾಗಿ ಬಿಸಿ ಮಾಡಿ ನಿಧಾನವಾಗಿ ಒತ್ತಿದರೆ ಏನು ಬೇಕಾದರೂ ಮಡಿಚುತ್ತದೆ ಎಂದಿದ್ದಳು.

ಬೆಟ್ಟ ಹುಟ್ಟಿದ್ದು ಹೇಗೆ ಎಂದು ನನಗೆ ಅರ್ಥ ಮಾಡಿಸಲು ಅವಳು ನನ್ನ ಭಾಷೆಗೇ ಬರಬೇಕಾಯಿತು. ಒಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೇಳಿದಳು: "ಎರಡು ಗಾಡಿ ಎದುರುಬದುರು ಡಿಕ್ಕಿ ಹೊಡೆದರೆ ಬೋಗಿಗಳು ಏನಾಗ್ತವೆ?"

"ಒಂದರ ಮ್ಯಾಲೊಂದು ಹತ್ತತಾವು. ಮುಂದಿನೂ ನುಜ್ಜುಗುಜ್ಜಾಗತಾವು, ಹಿಂದಿನೂ ದಬ್ಬಕೋತ ಬರ್ತಾವು." ಅಂಥದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡವನು. ಊಟದ ಹೊತ್ತಿನಲ್ಲಿ ನೆನೆಯುವ ಚಿತ್ರವಲ್ಲ ಅದು.

"ಹಿಂದಿನ ಬೋಗಿಗಳು ದಬ್ಬೋದನ್ನ ನಿಲ್ಲಿಸದೇ ಹೋದರೆ?"

ನಾನು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದೆ.

"ಐದು ಕೋಟಿ ವರ್ಷದ ಹಿಂದೆ ಎರಡು ಭೂಖಂಡಕ್ಕೆ ಹೀಗೇ ಡಿಕ್ಕಿ ಆಯ್ತು. ದಕ್ಷಿಣದಿಂದ ಬಂದ ಗಾಡಿ ನಮ್ಮದು. ನಿಮ್ಮ ಧಾರವಾಡ, ನಮ್ಮ ಚಾಮುಂಡಿಬೆಟ್ಟ, ಎಲ್ಲಾ ಅದರ ಹಿಂದಿನ ಬೋಗಿಗಳು. ಮಧ್ಯೆ ಒಂದು ಸಮುದ್ರ ಇತ್ತು. ಅದರ ತಳದ ಕೆಸರು ಈಗ ಶಿಖರಗಳ ತುದೀಲಿದೆ. ಇಷ್ಟಾದ್ರೂ ಬ್ರೇಕ್ ಹಾಕಿದೋರು ಯಾರೂ ಇಲ್ಲ. ಇವತ್ತೂ ವರ್ಷಕ್ಕೆ ಒಂದೆರಡು ಅಂಗುಲ ಉತ್ತರಕ್ಕೆ ಹೋಗ್ತಾ ಇದೀವಿ."

ಆಗ ಇನ್ನೂ ಚಿಕ್ಕವಳಾಗಿದ್ದ ಮಗಳು ತಟ್ಟೆಯಿಂದ ತಲೆಯೆತ್ತಿದಳು. "ಅಪ್ಪ, ಅಂದ್ರೆ ಅಜ್ಜಿ ಮನೆ ಕೂಡ ಮೂವ್ ಆಗ್ತಾ ಇದ್ಯಾ?"

"ಅಜ್ಜಿ ಮನಿ, ನಾವು, ನಿನ್ನ ತಾಟು, ಎಲ್ಲಾ," ಎಂದೆ. ನಮ್ಮೂರ ಗುಡ್ಡದ ಕರಿಬಂಡೆಯ ಮೇಲೆ ಕುಳಿತು ಪರೀಕ್ಷೆಗೆ ಓದಿದವನು ನಾನು. ಅದಕ್ಕಿಂತ ಅಲುಗದ್ದು ಲೋಕದಲ್ಲಿ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಭೂಕಂಪ ಆದದ್ದು ಬೇಸಿಗೆ ಹತ್ತುತ್ತಿದ್ದ ದಿನಗಳಲ್ಲಿ, ರಜೆಯ ದಿನ, ಇನ್ನೂ ಊಟಕ್ಕೆ ಕೂರುವ ಮುಂಚೆ. ಅಷ್ಟರಲ್ಲಿ ಮಗಳು ಕಾಲೇಜಿನ ಹುಡುಗಿಯಾಗಿದ್ದಳು. ಹೆಂಡತಿ ವಿದ್ಯಾರ್ಥಿಗಳೊಂದಿಗೆ ಬೆಟ್ಟದಲ್ಲಿದ್ದಳು. ನಾನು ಅಡುಗೆಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿಗೆ ಮಸಾಲೆ ತುಂಬುತ್ತಿದ್ದೆ. ತಲೆ ಸುತ್ತಿದಂತಾಯಿತು. ಹೊಟ್ಟೆ ಹಸಿದಿದೆ, ಅದಕ್ಕೇ ಇರಬೇಕು ಎಂದು ಕಟ್ಟೆ ಹಿಡಿದೆ. ಹಿಡಿದ ಕಟ್ಟೆಯೂ ದೋಣಿಯ ಅಂಚಿನಂತೆ ಮೆತ್ತಗೆ ಹೋಗಿ ಬಂತು. ಕಿಟಕಿಯ ಕಲ್ಲು ಭರಣಿಗೆ ತಾಗಿ ಟಿಣ್ ಟಿಣ್ ಎನ್ನತೊಡಗಿತು.

"ಅಪ್ಪ! ಫ್ಯಾನ್ ನೋಡಿ!" ಮಗಳು ಹಾಲಿನಿಂದ ಕೂಗಿದಳು. ಆರಿಸಿದ್ದ ಫ್ಯಾನು ತೊಟ್ಟಿಲಿನಂತೆ ತೂಗುತ್ತಿತ್ತು.

ಆಗಲೇ ಹೊರಗಿನಿಂದ ಶಂಖದ ಸದ್ದು. ಒಂದು ಮನೆಯಲ್ಲಿ ಶುರುವಾಗಿ, ಪಕ್ಕದ ಮನೆಗೆ ಹತ್ತಿ, ನೋಡನೋಡುತ್ತ ಇಡೀ ಪಾಡಾ, ಎಂದರೆ ನಮ್ಮ ಓಣಿ, ಶಂಖ ಊದುತ್ತಿತ್ತು. ನಡುನಡುವೆ ಹೆಂಗಸರು ನಾಲಿಗೆ ಆಡಿಸಿ ಹೊರಡಿಸುವ ಉಲು ಧ್ವನಿ. ಭೂಮಿ ನಡುಗಿದರೆ ಇಲ್ಲಿ ಹಾಗೆ ಮಾಡುತ್ತಾರೆಂದು ಕೇಳಿದ್ದೆ. ಕೇಳಿದ್ದು ಬೇರೆ, ಆ ಮೊಳಗಿನ ನಡುವೆ ತೂಗುವ ನೆಲದ ಮೇಲೆ ನಿಲ್ಲುವುದು ಬೇರೆ. ಗ್ಯಾಸ್ ಆರಿಸಿದೆ. ಇಬ್ಬರೂ ಮೆಟ್ಟಿಲಿಗೆ ಓಡಿದೆವು.

ನಮಗಿಂತ ಒಂದು ಅಂತಸ್ತು ಕೆಳಗೆ, ಮೊದಲ ಮಹಡಿಯಲ್ಲಿ, ಒಬ್ಬರೇ ಇರುವ ಮುದುಕಿಯೊಬ್ಬರಿದ್ದರು, ನಾವೆಲ್ಲ ಮಾಶಿಮಾ ಎಂದು ಕರೆಯುವವರು. ಮಂಡಿನೋವಿನಿಂದ ಮೆಟ್ಟಿಲಿಳಿಯಲಾರರು. ಬಾಗಿಲು ತೆರೆದೇ ಇತ್ತು. ಅವರು ಹಾಸಿಗೆಯ ಮೇಲೆ ನೆಟ್ಟಗೆ ಕುಳಿತು ಶಂಖ ಊದುತ್ತಿದ್ದರು. ಉಸಿರು ಸಾಲದೆ ಕೆನ್ನೆ ನಡುಗುತ್ತಿತ್ತು.

"ಮಾಶಿಮಾ, ಚೊಲುನ್!" ಎಂದೆ, ನಡೆಯಿರಿ ಎಂದು.

ಶಂಖ ಬಿಡದೆಯೇ ತಲೆಯಲ್ಲಾಡಿಸಿದರು. ಮಗಳು ಹತ್ತಿರ ಹೋಗಿ ಅವರ ಕೆನ್ನೆ ಮುಟ್ಟಿ ಬಂಗಾಳಿಯಲ್ಲಿ ಏನೋ ಹೇಳಿದಳು. ಅವರು ಶಂಖವನ್ನು ಸೆರಗಿಗೆ ಸಿಕ್ಕಿಸಿಕೊಂಡು ಕೈ ಚಾಚಿದರು. ನಾನು ಎತ್ತಿಕೊಂಡೆ. ತೊಳೆದು ಒಣಗಿಸಿದ ಬಟ್ಟೆಯ ಗಂಟಿನಷ್ಟು ಹಗುರ ಆ ಜೀವ.

ನಮ್ಮ ಕಟ್ಟಡದ ಎದುರಿಗೇ ಪಾಡಾದ ಕೊಳ. ಜನರೆಲ್ಲ ಅದರ ದಂಡೆಗೆ ಬಂದು ನಿಂತಿದ್ದರು. ಎಲ್ಲರ ಕಣ್ಣೂ ನೀರಿನ ಮೇಲೆ. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಆದರೂ ಇಡೀ ಕೊಳ, ಇದ್ದಷ್ಟೂ ನೀರು, ಒಂದು ದಂಡೆಗೆ ಏರಿ ಸ್ನಾನದ ಮೆಟ್ಟಿಲುಗಳನ್ನು ಮುಳುಗಿಸಿ, ಹಿಂದೆ ಸರಿದು, ಎದುರು ದಂಡೆಗೆ ಏರುತ್ತಿತ್ತು. ಯಾರೋ ದೊಡ್ಡ ಪರಾತವನ್ನು ಎರಡೂ ಕೈಯಲ್ಲಿ ಹಿಡಿದು ಓರೆ ಮಾಡಿ ನೋಡುತ್ತಿದ್ದಂತೆ. ಮೀನುಗಳು ಮೆಟ್ಟಿಲ ಮೇಲೆ ಬಿದ್ದು ಒದ್ದಾಡುತ್ತಿದ್ದವು. ನೆಲ ನಿಂತ ಮೇಲೂ ನೀರು ನಿಲ್ಲಲಿಲ್ಲ. ಶಂಖಗಳು ಒಂದೊಂದಾಗಿ ಸುಮ್ಮನಾದವು. ಆ ಮೌನದಲ್ಲಿ ನೀರಿನ ಛಳ್ ಛಳ್ ಮಾತ್ರ ಕೇಳುತ್ತಿತ್ತು.

ನಾನು ಬೆರಗಾಗಿ ನೋಡುತ್ತ ನಿಂತಿದ್ದೆ. ಭಯ ಆಮೇಲೆ ಬಂತು. ಮಗಳು ನನ್ನ ತೋಳು ಹಿಡಿದು "ಅಪ್ಪ, ಅಮ್ಮ" ಎಂದಳು. ಅಷ್ಟೇ ಅಂದದ್ದು. ಇಷ್ಟು ದೂರದಲ್ಲಿ ಹೀಗಾದರೆ ಅಲ್ಲಿ ಹೇಗೆ ಎಂಬುದು ಆಗ ಹೊಳೆಯಿತು.

ಫೋನು ಹತ್ತಲಿಲ್ಲ. ಊರಿನವರೆಲ್ಲ ಒಟ್ಟಿಗೆ ಫೋನು ಮಾಡುತ್ತಿದ್ದರು. ಮಗಳನ್ನು ಮಾಶಿಮಾ ಜೊತೆ ಕೂರಿಸಿ ನಾನು ಜಾದವ್‌ಪುರ ಸ್ಟೇಷನ್ನಿಗೆ ನಡೆದೆ. ಹಳಿ ಪರೀಕ್ಷೆಗೆಂದು ಲೋಕಲ್ ಗಾಡಿಗಳನ್ನು ನಿಲ್ಲಿಸಿದ್ದರು. ಪ್ಲಾಟ್‌ಫಾರ್ಮಿನ ತುಂಬ ಜನ. ಸ್ಟೇಷನ್ ಮಾಸ್ತರರಿಗೆ ನನ್ನ ಪರಿಚಯವಿತ್ತು. ರೈಲ್ವೆಯ ಒಳಫೋನಿನ ಮುಂದೆ ಕೂರಿಸಿದರು. ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಜೋಡಿಸಿಕೊಂಡು, ಕೊನೆಗೆ ಬೆಟ್ಟದ ಬುಡದ ಒಂದು ಸಣ್ಣ ಸ್ಟೇಷನ್ನು ಸಿಕ್ಕಿತು. ನಾನೆಂದೂ ನೋಡದ ಯಾರದೋ ದನಿ. ಹಿಂದಿಯಲ್ಲಿ ಕೇಳಿದೆ, ಅಲ್ಲಿ ಹೇಗಿದೆ, ಬೆಟ್ಟದ ಕಡೆಯ ಸುದ್ದಿ ಏನಾದರೂ ಗೊತ್ತೇ ಎಂದು.

"ಸ್ಟೇಷನ್ ನಿಂತಿದೆ ಸಾಹೇಬ್. ಗೋಡೆ ಬಿರುಕು ಬಿಟ್ಟಿದೆ. ನಾವೆಲ್ಲ ಹೊರಗಿದ್ದೇವೆ."

"ಮೇಲೆ? ಬೆಟ್ಟದಲ್ಲಿ?"

ಆತ ಹೇಳಿದ: "ಬೆಟ್ಟ ಕಾಣಿಸುತ್ತಿಲ್ಲ. ಪೂರಾ ಧೂಳು. ಎಲ್ಲಾ ಕಡೆಯಿಂದ ಒಟ್ಟಿಗೆ ಎದ್ದಿದೆ."

ಫೋನು ಇಟ್ಟ ಮೇಲೆ ಮಾಸ್ತರರು ನೀರು ಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ. ಮನೆಗೆ ಬಂದರೆ ಮಗಳು ಕೊಳದ ದಂಡೆಯಲ್ಲಿ ಮಾಶಿಮಾರ ಮಗ್ಗುಲಲ್ಲಿ ಕುಳಿತು ಮೊಬೈಲನ್ನೇ ನೋಡುತ್ತಿದ್ದಳು. ಯಾರೋ ಮಂಡಕ್ಕಿಗೆ ಸಾಸಿವೆ ಎಣ್ಣೆ ಕಲಸಿ ಕಾಗದದಲ್ಲಿ ಹಂಚುತ್ತಿದ್ದರು. ನಮ್ಮ ಮನೆಯ ಸಂಗತಿ ಹೇಗೋ ಎಲ್ಲರಿಗೂ ಗೊತ್ತಾಗಿತ್ತು. ದಿನಾ ಬೆಳಿಗ್ಗೆ ಮುಖ ನೋಡಿ ತಲೆಯಾಡಿಸುವಷ್ಟೇ ಪರಿಚಯದವರು ಬಂದು ಹೆಗಲ ಮೇಲೆ ಕೈಯಿಟ್ಟು ಹೋಗುತ್ತಿದ್ದರು. ಮಾಶಿಮಾ ಒಂದೇ ಮಾತು ಹೇಳಿದರು: "ಬೆಟ್ಟ ಅವಳನ್ನು ಗುರುತು ಹಿಡಿಯುತ್ತದೆ." ನಾನು ಅಂಥ ಮಾತು ನಂಬುವವನಲ್ಲ. ಆ ಸಂಜೆ ನಂಬಿದೆ.

ಹೊತ್ತು ಮುಳುಗುವ ಮುಂಚೆ ಮಗಳ ಮೊಬೈಲು ಹೊಡೆದುಕೊಂಡಿತು. ಅವಳು "ಅಮ್ಮ!" ಎಂದವಳು ಅಳುತ್ತ ನನಗೆ ಕೊಟ್ಟಳು.

"ರೀ, ನಾನು ಚೆನ್ನಾಗಿದೀನಿ. ಮಕ್ಕಳೆಲ್ಲಾ ಚೆನ್ನಾಗಿದಾರೆ. ಒಬ್ಬಳ ಕಾಲು ಉಳುಕಿದೆ, ಅಷ್ಟೇ. ನಿಮ್ಮಲ್ಲಿ?"

"ನಾವ್ ಆರಾಮ ಅದೀವಿ. ನೀ ಎಲ್ಲದಿ?"

"ನದೀ ಪಕ್ಕ ಬಯಲಲ್ಲಿ. ಪಾಠ ಮಾಡ್ತಿದ್ದ ಬಂಡೆ ಕೆಳಗಿಂದ ಆಗಲೇ ಎದ್ದು ಬಂದಿದ್ವಿ, ಊಟಕ್ಕೆ ಅಂತ." ಆಮೇಲೆ ಬಂದದ್ದು ಬೇರೆಯೇ ದನಿ. ನಾನು ಮೊದಲು ಕೇಳಿರದದ್ದು. "ನೋಡಿದೆ ಕಣ್ರೀ."

ಲೈನು ಕಡಿಯಿತು. ಸಾಕಾಗಿತ್ತು.

ದಾರಿ ತೆರವಾದ ಮೇಲೆ ಅವರ ಗಾಡಿ ಸಿಯಾಲ್ದಾಕ್ಕೆ ಬಂತು. ನಾನೂ ಮಗಳೂ ಪ್ಲಾಟ್‌ಫಾರ್ಮಿನಲ್ಲಿದ್ದೆವು. ವಿದ್ಯಾರ್ಥಿಗಳ ತಂದೆತಾಯಂದಿರು ಮಕ್ಕಳನ್ನು ತಬ್ಬಿ ಅಳುತ್ತಿದ್ದರು. ಕೆಲವರು ನನ್ನ ಹೆಂಡತಿಯ ಕೈ ಹಿಡಿದು ಹಣೆಗೊತ್ತಿಕೊಂಡರು. ಅವಳ ಕೂದಲ ಬುಡದಲ್ಲಿ ಇನ್ನೂ ಬೂದುಬಣ್ಣದ ಧೂಳಿತ್ತು. ಮನೆಗೆ ಬಂದು, ಮಿಂದು, ಅನ್ನ ಸಾರು ಉಂಡು ಮಲಗಿದಳು. ಕಂಡದ್ದನ್ನು ನಾವು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕ್ಲಾಸಿಗೆ ಹೋಗುವಳು, ಬರುವಳು, ಕಿಟಕಿಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿ ಮತ್ತೆ ಅಲ್ಲೇ ಇಡುವಳು.

ಕೊನೆಗೆ ಒಂದು ಬೆಳಿಗ್ಗೆ ಒಣಗಿದ ಬಟ್ಟೆ ಮಡಿಚುತ್ತಿದ್ದವಳು ತಾನಾಗಿ ಶುರುಮಾಡಿದಳು.

"ಮೊದಲು ಸದ್ದು ಬಂತು. ಲಾರಿ ಬಂದ ಹಾಗೆ, ಆದರೆ ಕಾಲಿನ ಕೆಳಗಿಂದ. ಆಮೇಲೆ ಎದುರಿನ ಗುಡ್ಡದ ಮರಗಳು ಒಂದು ಸಾಲು ಬಗ್ಗಿ ಎದ್ವು, ಅದರ ಹಿಂದಿನ ಸಾಲು ಬಗ್ಗಿ ಎದ್ವು. ಗಾಳಿ ಭತ್ತದ ಗದ್ದೆ ಮೇಲೆ ಹೋಗುತ್ತಲ್ಲ, ಹಾಗೆ. ಆದರೆ ಅದು ಗಾಳಿಯಲ್ಲ, ಗುಡ್ಡ. ಕಲ್ಲಿನ ಗುಡ್ಡ ರೀ. ನಿಂತಿದ್ದವಳು ಕೂತುಬಿಟ್ಟೆ. ಮಕ್ಕಳಿಗೆ ಕೂತ್ಕೊಳಿ ಅಂತ ಕೂಗಿದ್ದು ನಾನೇ ಅಂತೆ, ನನಗೆ ನೆನಪಿಲ್ಲ. ಆಮೇಲೆ ಕಣಿವೆ ಉದ್ದಕ್ಕೂ ಧೂಳು ಎದ್ದಿತು."

ಮಗಳ ದುಪಟ್ಟಾ ಅವಳ ತೊಡೆಯ ಮೇಲೆ ಅರ್ಧ ಮಡಿಚಿ ಉಳಿದಿತ್ತು.

"ನನಗೆ ಒಂದೇ ಅನ್ನಿಸ್ತಾ ಇದೆ. ಇಷ್ಟು ವರ್ಷ ಪಾಠ ಮಾಡಿದ್ದೆಲ್ಲಾ ಭೂತಕಾಲದಲ್ಲಿ. ಡಿಕ್ಕಿ ಹೊಡೀತು, ಮಡಿಚಿತು, ಮೇಲೆದ್ದಿತು ಅಂತ. ಯಾವುದೋ ಮುಗಿದ ಕಥೆ ಹೇಳೋ ಥರ. ಅದು ಮುಗಿದೇ ಇಲ್ಲ. ಬಾಯಲ್ಲಿ ಮುಗಿದಿಲ್ಲ ಅಂತ ನಾನೂ ಹೇಳ್ತಾನೇ ಇದ್ದೆ. ಆದರೆ ಅವತ್ತು ಆ ಗುಡ್ಡ ಹುಟ್ತಾ ಇರೋದನ್ನ ನಾನು ನೋಡಿದೆ."

"ಹೆದರಿಕಿ ಆತೇನು?"

"ಆಯ್ತು. ಆದರೆ ಹೆದರಿಕೆಗಿಂತ ದೊಡ್ಡದು ಇನ್ನೇನೋ ಇತ್ತು. ಅದಕ್ಕೆ ಹೆಸರು ಗೊತ್ತಿಲ್ಲ. ಹೆರಿಗೆ ಕೋಣೇಲಿ ಬೇರೆಯವರ ಹೆರಿಗೆ ನೋಡಿದ ಹಾಗೆ. ಅಲ್ಲಿ ನಮಗೇನು ಕೆಲಸ, ನಾವು ಯಾರು ಅನ್ನೋ ಹಾಗೆ."

ಕೊಳದ ನೀರು ಏರಿಳಿದದ್ದನ್ನು ನಾನು ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ಎಷ್ಟು ಮೆಟ್ಟಿಲು ಮುಳುಗಿತ್ತು, ಯಾವ ಕಡೆಗೆ ಮೊದಲು ಏರಿತು ಎಂದು ಬಿಡಿಸಿ ಬಿಡಿಸಿ ವಿಚಾರಿಸಿದಳು. ನಾವು ಕುಳಿತಿರುವುದು ತಟ್ಟೆಯಲ್ಲಿಟ್ಟ ಗಿಣ್ಣದ ಮೇಲೆ, ದೂರದಿಂದ ಬಂದ ಅಲೆಯನ್ನು ಈ ಮೆತ್ತನೆಯ ಮಣ್ಣು ಇನ್ನಷ್ಟು ತೂಗುತ್ತದೆ ಎಂದಳು. ಬೆಟ್ಟದ ಮಣ್ಣು ಇಷ್ಟು ದೂರ ಬಂದು ಮಲಗಿದ್ದರೂ ಬೆಟ್ಟ ಅಲುಗಿದರೆ ತಾನೂ ಅಲುಗಿತಲ್ಲ ಎಂದು ನನಗೆ ಅನ್ನಿಸಿತು. ಹೇಳಲಿಲ್ಲ, ವಿಜ್ಞಾನಿಯ ಎದುರು ಇಂಥದ್ದೆಲ್ಲ ಹೇಳಲು ಸಂಕೋಚ.

ಆ ವರ್ಷ ದಸರೆಯ ಹೊತ್ತಿನ ಪೂಜಾ ರಜೆಯಲ್ಲಿ ಅವಳು ನಮ್ಮಿಬ್ಬರನ್ನೂ ಹೊರಡಿಸಿದಳು. ಜನರೆಲ್ಲ ಹಿಮಶಿಖರ ನೋಡಲು ಮೇಲಕ್ಕೆ ಹೋಗುವಾಗ ಅವಳು ನಮ್ಮನ್ನು ಕರೆದೊಯ್ದದ್ದು ಬೆಟ್ಟ ಶುರುವಾಗುವ ಜಾಗಕ್ಕೆ, ಚಹಾ ತೋಟಗಳ ಬಯಲಿಗೆ. ಮೋಡ ಕವಿದು ಶಿಖರ ಒಂದು ದಿನವೂ ಕಾಣಲಿಲ್ಲ. ಬಯಲಿನಲ್ಲಿ ನೆಟ್ಟಗೆ ಹೋಗುತ್ತಿದ್ದ ರಸ್ತೆ ಒಂದೆಡೆ ಇದ್ದಕ್ಕಿದ್ದಂತೆ ಏರಿ, ಮೇಲೆ ಮತ್ತೆ ಸಮತಟ್ಟಾಯಿತು. ಮೇಲೂ ಚಹಾ ತೋಟ, ಕೆಳಗೂ ಚಹಾ ತೋಟ.

"ಇದು ಮೆಟ್ಟಿಲು," ಎಂದಳು. "ಹಿಂದಿನ ಭೂಕಂಪಗಳು ಕಟ್ಟಿದ್ದು. ಪ್ರತಿ ಸಲ ಒಂದಿಷ್ಟು ಎತ್ತಿದವು."

ಅಲ್ಲಿಂದ ಒಂದು ಹೊಳೆಯ ಪಾತ್ರಕ್ಕೆ ಇಳಿದೆವು. ನೀರು ದಂಡೆಯನ್ನು ಕೊಯ್ದು ಒಳಗಿನದನ್ನೆಲ್ಲ ತೆರೆದಿಟ್ಟಿತ್ತು. ಎದೆಯ ಮಟ್ಟಕ್ಕೆ ಒಂದು ಓರೆಗೆರೆ. ಗೆರೆಯ ಕೆಳಗೆ ಹೊಳೆಯ ದುಂಡುಗಲ್ಲುಗಳು, ನಿನ್ನೆ ಮೊನ್ನೆ ಬಂದು ಬಿದ್ದಂತೆ. ಮೇಲೆ ನುರಿದು ಹೊಳಪು ಬಂದ ಕಪ್ಪನೆಯ ಕಲ್ಲು.

"ಅಮ್ಮ, ಮೇಲಿಂದು ನ್ಯೂ ಅಲ್ವಾ?" ಮಗಳು ಕೇಳಿದಳು.

"ಅಲ್ಲ. ಕೆಳಗಿಂದು ಕೆಲವು ಸಾವಿರ ವರ್ಷದ್ದು. ಮೇಲಿಂದು ಕೋಟ್ಯಂತರ ವರ್ಷದ್ದು. ಹಳೇದು ಬಂದು ಹೊಸದರ ಮೇಲೆ ಹತ್ತಿದೆ. ನಮ್ಮ ನೆಲ ಉತ್ತರಕ್ಕೆ ಇದರ ಕೆಳಗೆ ನುಗ್ತಾ ಇದೆ, ಇಡೀ ಹಿಮಾಲಯ ಈ ಗೆರೆ ಮೇಲೆ ಜಾರಿ ದಕ್ಷಿಣಕ್ಕೆ ಬರ್ತಾ ಇದೆ." ಆಮೇಲೆ ನನ್ನ ಕಡೆ ತಿರುಗಿದಳು. "ಕೈ ಇಡಿ ರೀ."

ಇಟ್ಟೆ. ಹೆಬ್ಬೆರಳು ದುಂಡುಗಲ್ಲಿನ ಮೇಲೆ, ಉಳಿದ ಬೆರಳು ಕಪ್ಪು ಕಲ್ಲಿನ ಮೇಲೆ. ಗೆರೆಯಿಂದ ತಣ್ಣಗೆ ನೀರು ಜಿನುಗಿ ಮಣಿಕಟ್ಟಿಗೆ ಇಳಿಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ತಲೆಯ ಮೇಲೆ ಮೋಡದೊಳಗೆ ಅಷ್ಟೂ ಬೆಟ್ಟ ಇತ್ತು; ಕಾಣುತ್ತಿರಲಿಲ್ಲ; ಆದರೆ ಅದರ ಅಂಚು ನನ್ನ ಅಂಗೈಯಲ್ಲಿತ್ತು. ದೇವರ ಗುಡಿಯಲ್ಲಿ ಕೈ ಮುಗಿಯುವಾಗಲೂ ಮನಸ್ಸು ಅಲ್ಲಿ ಇಲ್ಲಿ ಹೋಗುವ ಜಾತಿ ನನ್ನದು. ಅಲ್ಲಿ ಎಲ್ಲಿಗೂ ಹೋಗಲಿಲ್ಲ. ಮಗಳು ಕೂಡ ಫೋಟೋ ತೆಗೆಯುವುದನ್ನು ಮರೆತಿದ್ದಳು.

ನಾವು ಉಳಿದುಕೊಂಡದ್ದು ತೋಟದಂಚಿನ ಒಂದು ಮನೆಯಲ್ಲಿ. ನಡುವಯಸ್ಸಿನ ನೇಪಾಳಿ ಹೆಂಗಸು ಒಬ್ಬರೇ ಅದನ್ನು ನಡೆಸುತ್ತಿದ್ದರು. ಅವರ ಇಟ್ಟಿಗೆಯ ಅಡುಗೆಮನೆ ಭೂಕಂಪಕ್ಕೆ ಬಿದ್ದುಹೋಗಿ, ಅದೇ ಜಾಗದಲ್ಲಿ ಮರದ ಹಲಗೆ, ಬಿದಿರು, ತಗಡಿನದು ಎದ್ದಿತ್ತು. ಸಂಜೆ ಚಹಾ ಕೊಡುತ್ತ ನನ್ನ ಹೆಂಡತಿಯ ಕೆಲಸ ಏನೆಂದು ತಿಳಿದುಕೊಂಡರು. ಎದುರಿಗೇ ಕುಳಿತು ಹಿಂದಿಯಲ್ಲಿ ನೇರವಾಗಿ ಕೇಳಿದರು.

"ಮತ್ತೆ ಬರುತ್ತದೆಯೇ, ದೀದಿ?"

ಅವಳು ಸುತ್ತಿ ಬಳಸಿ ಹೇಳಲಿಲ್ಲ. "ಬರುತ್ತೆ."

"ಯಾವಾಗ?"

"ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಆ ಹೆಂಗಸು ಮೆಲ್ಲನೆ ತಲೆಯಾಡಿಸಿದರು. ಸಮಾಧಾನದ ಮಾತಿಗಿಂತ ಈ ಉತ್ತರವೇ ಅವರಿಗೆ ಹಿಡಿಸಿದಂತಿತ್ತು. ಹಲಗೆಗಳ ಜೋಡಣೆ ಸರಿಯಿದೆಯೇ, ತಗಡಿನ ಭಾರ ಹೆಚ್ಚಾಯಿತೇ ಎಂದು ಕೇಳಿದರು. ನನ್ನ ಹೆಂಡತಿ ಎದ್ದು ಹೋಗಿ ಕಂಬಗಳನ್ನು ಅಲುಗಾಡಿಸಿ ನೋಡಿದಳು; ಮೂಲೆಗಳಿಗೆ ಓರೆಯಾಗಿ ಒಂದೊಂದು ಪಟ್ಟಿ ಕೊಡಿಸಿ ಎಂದಳು. ಮರುದಿನ ಬೆಳಿಗ್ಗೆ ನಾವು ತಿಂಡಿಗೆ ಬರುವಷ್ಟರಲ್ಲಿ ಅವರು ಬಿದಿರು ಸೀಳಿ ಇಟ್ಟುಕೊಂಡಿದ್ದರು. ಮಗಳು ಪಟ್ಟಿ ಹಿಡಿದಳು. ಹೆಂಡತಿ ಓರೆ ನೋಡಿ ಹೇಳಿದಳು. ಮೊಳೆ ಹೊಡೆಯುವ ಕೆಲಸ ನನ್ನದಾಯಿತು. ಮೋಡ ಕೆಳಗಿಳಿದು ಚಹಾ ಗಿಡಗಳ ಮೇಲೆ ಕೂತಿತ್ತು. ಸುತ್ತಿಗೆಯ ಸದ್ದು ಅದರೊಳಗೆ ಹೋಗಿ ಯಾವುದೋ ಇಳಿಜಾರಿಗೆ ತಾಗಿ ನಿಧಾನವಾಗಿ ಹಿಂದಿರುಗಿ ಬರುತ್ತಿತ್ತು.